ಆಸ್ಕರ್ ಬಂದಾಗ 77 ವರ್ಷ. ಅದಕ್ಕೆ ಮೊದಲು?

ಪ್ರಶ್ನೆ: ನಾನು ರಾಮನಗರದವನು. ನಮ್ಮ ಬೆಟ್ಟದಲ್ಲಿ ಶೂಟಿಂಗ್ ಆಗಿದೆ ಅನ್ನೋ ಕಾರಣಕ್ಕೆ 'ಎ ಪ್ಯಾಸೇಜ್ ಟು ಇಂಡಿಯಾ' ನೋಡಿದೆ. ಮಿಸೆಸ್ ಮೂರ್ ಅನ್ನೋ ಅಜ್ಜಿಯ ಪಾತ್ರ ಮಾಡಿದ ನಟಿ ಮನಸ್ಸಿನಿಂದ ಹೋಗ್ತಾನೇ ಇಲ್ಲ. ಅವರಿಗೆ 77ನೇ ವಯಸ್ಸಲ್ಲಿ ಆಸ್ಕರ್ ಬಂತಂತೆ. ಅಷ್ಟು ತಡವಾಗಿ ಸಿನಿಮಾಕ್ಕೆ ಬಂದರಾ? ಅಲ್ಲಿಯವರೆಗೆ ಏನು ಮಾಡ್ತಿದ್ದರು? ನಾಟಕದವರು ಅಂತ ಕೇಳಿದೆ. ನಾಟಕದವರು ಕ್ಯಾಮೆರಾ ಮುಂದೆ ಸ್ವಲ್ಪ ಜಾಸ್ತಿ ಮಾಡ್ತಾರೆ ಅಲ್ವಾ? ಇವರು ಏನೂ ಮಾಡದೇ ಸುಮ್ನೆ ಇದ್ದಂಗೆ ಕಂಡಿತು. ಅವರ ಬೇರೆ ಕೆಲಸ ನೋಡಬೇಕಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಅವರ ಹೆಸರು ಪೆಗ್ಗಿ ಆಶ್‌ಕ್ರಾಫ್ಟ್. ಸಿನಿಮಾಕ್ಕೆ ತಡವಾಗಿ ಬಂದವರಲ್ಲ. ಬೇಗ ಬಂದರು, ನೋಡಿದರು, ಅಷ್ಟಾಗಿ ಹಿಡಿಸಲಿಲ್ಲ, ನಾಟಕಕ್ಕೆ ವಾಪಸ್ ಹೋದರು. ಅವರ ಮೊದಲ ಸಿನಿಮಾ ಬಂದಿದ್ದು 1933ರಲ್ಲಿ. 1935ರಲ್ಲಿ ಹಿಚ್‌ಕಾಕ್‌ನ 'ದಿ 39 ಸ್ಟೆಪ್ಸ್' ಬಂತು. ಅದರಲ್ಲಿ ಇವರದು ಕೆಲವೇ ನಿಮಿಷದ ಪಾತ್ರ. ನಿಮ್ಮ 'ಸುಮ್ನೆ ಇದ್ದಂಗೆ' ಅನ್ನೋ ಮಾತಿಗೆ ಉತ್ತರ ಅಲ್ಲೇ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕೊಲೆ ಆರೋಪ ಹೊತ್ತು ಓಡುತ್ತಿರುವ ನಾಯಕ ಸ್ಕಾಟ್ಲೆಂಡಿನ ಒಂಟಿ ಮನೆಯೊಂದರಲ್ಲಿ ರಾತ್ರಿ ತಂಗುತ್ತಾನೆ. ಮನೆಯಲ್ಲಿರುವುದು ವಯಸ್ಸಾದ, ಸಿಡುಕು ಸ್ವಭಾವದ, ಮಹಾ ದೈವಭಕ್ತ ರೈತ ಮತ್ತು ಅವನ ಚಿಕ್ಕ ವಯಸ್ಸಿನ ಹೆಂಡತಿ. ಊಟದ ಮೇಜಿನ ಮೇಲೆ ಪೇಪರ್ ಇದೆ, ಅದರಲ್ಲಿ ಕೊಲೆಯ ಸುದ್ದಿ ಇದೆ. ಗಂಡ ಕಣ್ಣು ಮುಚ್ಚಿ ಊಟದ ಮುಂಚಿನ ಪ್ರಾರ್ಥನೆ ಹೇಳುತ್ತಿದ್ದಾನೆ. ನಾಯಕ ಪೇಪರ್ ಕಡೆ ಕಣ್ಣು ಹಾಯಿಸುತ್ತಾನೆ. ಇವಳು ಅದನ್ನು ನೋಡುತ್ತಾಳೆ. ಪೇಪರ್ ನೋಡುತ್ತಾಳೆ, ಮತ್ತೆ ಅವನನ್ನು ನೋಡುತ್ತಾಳೆ. ಗೊತ್ತಾಯಿತು! ಅವನ ಕಣ್ಣು 'ದಯವಿಟ್ಟು' ಅನ್ನುತ್ತದೆ. ಬಾಯಲ್ಲಿ ಒಂದು ಮಾತಿಲ್ಲ. ಗಂಡ ಕಣ್ಣು ಬಿಟ್ಟಾಗ ಇಬ್ಬರ ನೋಟ ಕಂಡು ಬೇರೆಯದೇ ಲೆಕ್ಕ ಹಾಕುತ್ತಾನೆ. ರಾತ್ರಿ ಪೊಲೀಸರು ಬಂದಾಗ ಇವಳು ಗಂಡನ ಕೋಟನ್ನೇ ನಾಯಕನಿಗೆ ಕೊಟ್ಟು ಹಿಂದಿನಿಂದ ಕಳಿಸುತ್ತಾಳೆ. ಮುಂದೆ ಆ ಕೋಟಿನ ಜೇಬಿನಲ್ಲಿದ್ದ ಭಜನೆ ಪುಸ್ತಕವೇ ಗುಂಡು ತಡೆದು ಅವನ ಜೀವ ಉಳಿಸುತ್ತದೆ. ಈ ಹೆಣ್ಣುಮಗಳ ಗತಿ ಏನಾಯಿತು ಅಂತ ಸಿನಿಮಾ ಜಾಸ್ತಿ ಹೇಳುವುದಿಲ್ಲ. ಅವಳಿಗೆ ಬಿದ್ದ ಏಟು ಮಾತ್ರ ನಮಗೆ ಗೊತ್ತಾಗುತ್ತದೆ. ಆಗ ಪೆಗ್ಗಿಯವರಿಗೆ 27 ವರ್ಷ. ನಿಮಗೆ ಮಿಸೆಸ್ ಮೂರ್‌ನಲ್ಲಿ ಕಂಡ ಗುಣ ಇಲ್ಲಿ ಆಗಲೇ ಪೂರ್ತಿ ಇದೆ.

ಅದೇ 1935ರ ಅಕ್ಟೋಬರ್‌ನಲ್ಲಿ ಲಂಡನ್ನಿನ ನ್ಯೂ ಥಿಯೇಟರ್‌ನಲ್ಲಿ 'ರೋಮಿಯೋ ಅಂಡ್ ಜೂಲಿಯೆಟ್' ಶುರುವಾಯಿತು. ಇವರು ಜೂಲಿಯೆಟ್. ರೋಮಿಯೋ ಯಾರು ಅಂದರೆ, ಇಬ್ಬರು! ಮೊದಲ ಕೆಲವು ವಾರ ಲಾರೆನ್ಸ್ ಒಲಿವಿಯೆ ರೋಮಿಯೋ, ಜಾನ್ ಗೀಲ್‌ಗುಡ್ ರೋಮಿಯೋನ ಗೆಳೆಯ ಮರ್ಕ್ಯುಶಿಯೊ. ಆಮೇಲೆ ಇಬ್ಬರೂ ಪಾತ್ರ ಅದಲುಬದಲು ಮಾಡಿಕೊಂಡರು. ಗೀಲ್‌ಗುಡ್ ಪದ್ಯವನ್ನು ಸಂಗೀತದಂತೆ ಹೇಳುವವನು, ಒಲಿವಿಯೆ ಮೈ ತುಂಬ ಬಿಸಿರಕ್ತದವನು. ಜೂಲಿಯೆಟ್ ಮಾತ್ರ ಒಬ್ಬರೇ. ಎದುರಿಗಿರುವವನು ಬದಲಾದಾಗಲೆಲ್ಲ ತಾನೂ ಬದಲಾಗಬೇಕು, ಆದರೆ ಪಾತ್ರ ಬದಲಾಗಬಾರದು. ನಾಟಕ ಆರು ತಿಂಗಳ ಹತ್ತಿರ ಓಡಿತು. ಇತಿಹಾಸ ಬರೆದವರು ಆ ಇಬ್ಬರು ಗಂಡಸರ ಪೈಪೋಟಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆದರೆ ಅಲ್ಲಿ ನಿಜವಾಗಿ ಕಷ್ಟದ ಕೆಲಸ ಇದ್ದದ್ದು ಇವರಿಗೆ ಅಂತ ನನ್ನ ಲೆಕ್ಕ.

ಸ್ವಲ್ಪ ಹಿಂದಕ್ಕೆ ಹೋಗೋಣ. ಹುಟ್ಟಿದ್ದು 1907ರ ಡಿಸೆಂಬರ್ 22, ಲಂಡನ್ನಿಗೆ ಅಂಟಿಕೊಂಡ ಕ್ರಾಯ್ಡನ್‌ನಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ತಾಯಿಗೆ ಹವ್ಯಾಸಿ ನಾಟಕದ ಹುಚ್ಚು. ಹುಡುಗಿ 16ನೇ ವಯಸ್ಸಿಗೆ ನಾಟಕ ಶಾಲೆ ಸೇರಿದಳು. ಎಲ್ಸಿ ಫೋಗರ್ಟಿ ಎಂಬವರು ನಡೆಸುತ್ತಿದ್ದ ಆ ಶಾಲೆಯ ಪಾಠ ನಡೆಯುತ್ತಿದ್ದದ್ದು ಆಲ್ಬರ್ಟ್ ಹಾಲ್‌ನಲ್ಲಿ. ಒಲಿವಿಯೆ ಕೂಡ ಅಲ್ಲೇ ಓದುತ್ತಿದ್ದರು. ಶಾಲೆಯಲ್ಲಿ ಧ್ವನಿ, ಉಚ್ಚಾರ ಇವಕ್ಕೇ ಒತ್ತು. ಇವರು ಮಾತ್ರ ಓದಿ ತಲೆ ಕೆಡಿಸಿಕೊಂಡದ್ದು ರಷ್ಯಾದ ನಾಟಕ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯ ಪುಸ್ತಕ. ಅದರಿಂದ ಒಂದು ಆಸೆ ಒಳಗೆ ಬೇರು ಬಿಟ್ಟಿತು: ಒಂದೇ ತಂಡ, ಅದೇ ಜನ, ವರ್ಷಗಟ್ಟಲೆ ಜೊತೆಗೆ ಕೆಲಸ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಕಡೆ ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳು ಹೊಟ್ಟೆಪಾಡಿಗೇ ಹಾಗೆ ಬದುಕಿದವು. ಆದರೆ ಲಂಡನ್ನಿನ ಪದ್ಧತಿ ಬೇರೆ. ಅಲ್ಲಿ ಒಂದು ನಾಟಕಕ್ಕೆ ಜನ ಸೇರಿಸಿ, ಅದು ಓಡಿದಷ್ಟು ದಿನ ಓಡಿಸಿ, ಮುಗಿದ ಮೇಲೆ ಅವರವರ ದಾರಿ ಅವರವರಿಗೆ.

ರಂಗ ಪ್ರವೇಶ 1926ರಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ. 1930ರಲ್ಲಿ ಶೇಕ್ಸ್‌ಪಿಯರ್‌ನ 'ಒಥೆಲೊ'. ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್ ಒಥೆಲೊ. 22 ವರ್ಷದ ಇವರು ಅವನ ಹೆಂಡತಿ ಡೆಸ್ಡಿಮೋನ. ನಾಟಕ ನಡೆದದ್ದು ಸವಾಯ್ ಥಿಯೇಟರ್‌ನಲ್ಲಿ. ಪಕ್ಕದಲ್ಲೇ ಇರುವ ಸವಾಯ್ ಹೋಟೆಲಿನಲ್ಲಿ ಹಿಂದಿನ ವರ್ಷ ತಾನೇ ರೋಬ್ಸನ್‌ಗೆ ಊಟಕ್ಕೆ ಜಾಗ ಕೊಡದೆ ವಾಪಸ್ ಕಳಿಸಿದ್ದರು. ಕಪ್ಪು ಗಂಡಸು ಬಿಳಿ ಹೆಂಗಸನ್ನು ವೇದಿಕೆ ಮೇಲೆ ಮುಟ್ಟುವುದು, ಮುದ್ದಿಡುವುದು ಜನಕ್ಕೆ ನುಂಗಲಾಗದ ತುತ್ತು. ಪೆಗ್ಗಿಯವರಿಗೆ ಹೊಲಸು ಕಾಗದಗಳು ಬಂದವು. ಲೋಕ ಹೇಗಿದೆ ಅಂತ ಅವರಿಗೆ ಕಣ್ಣು ತೆರೆಸಿದ್ದು ಆ ನಾಟಕ. ಮುಂದೆ ಬದುಕಿಡೀ ಅಣುಬಾಂಬ್ ವಿರೋಧಿ, ವರ್ಣಭೇದ ವಿರೋಧಿ ಚಳವಳಿಗಳಲ್ಲಿ ಅವರು ನಿಂತದ್ದಕ್ಕೆ ಬೀಜ ಇಲ್ಲಿದೆ ಅಂತ ಅನಿಸುತ್ತದೆ. ಅಂದ ಹಾಗೆ ಆ ನಾಟಕದಲ್ಲಿ ಡೆಸ್ಡಿಮೋನಳ ಸಖಿ ಎಮಿಲಿಯಾ ಆಗಿದ್ದವರು ಸಿಬಿಲ್ ಥಾರ್ನ್‌ಡೈಕ್. ಈ ಹೆಸರೂ ಮತ್ತೆ ಬರುತ್ತದೆ.

ನಡುವಿನ ಇಪ್ಪತ್ತು ಚಿಲ್ಲರೆ ವರ್ಷವನ್ನು ಬೇಗ ದಾಟಿಬಿಡುತ್ತೇನೆ. ಚೆಕಾವ್ ನಾಟಕದ ನೀನಾ, ವೆಬ್‌ಸ್ಟರ್ ನಾಟಕದ ಮಾಲ್ಫಿಯ ಡಚೆಸ್, 1952ರಲ್ಲಿ ರ‍್ಯಾಟಿಗನ್‌ನ 'ದಿ ಡೀಪ್ ಬ್ಲೂ ಸೀ', 1954ರಲ್ಲಿ ಇಬ್ಸನ್‌ನ ಹೆಡ್ಡಾ ಗಾಬ್ಲರ್. ಆ ಹೆಡ್ಡಾಳನ್ನು ಇಬ್ಸನ್ನನ ಊರಾದ ನಾರ್ವೆಗೇ ತೆಗೆದುಕೊಂಡು ಹೋಗಿ ಆಡಿದರು, ಅಲ್ಲಿನ ರಾಜ ಪದಕ ಕೊಟ್ಟ. 1956ರಲ್ಲಿ ಬ್ರಿಟನ್ನಿನ 'ಡೇಮ್' ಬಿರುದು ಬಂತು. ಮೂರು ಸಲ ಮದುವೆ, ಮೂರೂ ಮುರಿದವು, ಇಬ್ಬರು ಮಕ್ಕಳು. ಇಲ್ಲಿಗೆ ನಿಲ್ಲಿಸಿದ್ದರೂ ದೊಡ್ಡ ನಟಿ ಅಂತ ಹೆಸರು ಉಳಿಯುತ್ತಿತ್ತು.

ಆದರೆ ನಿಲ್ಲಿಸಲಿಲ್ಲ. 1960ರಲ್ಲಿ ಪೀಟರ್ ಹಾಲ್ ಎಂಬ ಇನ್ನೂ ಮೂವತ್ತು ತುಂಬದ ಹುಡುಗ ಶೇಕ್ಸ್‌ಪಿಯರ್‌ನ ಹುಟ್ಟೂರು ಸ್ಟ್ರಾಟ್‌ಫರ್ಡ್‌ನಲ್ಲಿ ಒಂದು ಕಾಯಂ ತಂಡ ಕಟ್ಟಲು ಹೊರಟ. ಮುಂದಿನ ವರ್ಷ ಅದಕ್ಕೆ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಅಂತ ಹೆಸರಾಯಿತು. ಅವನು ಮೊದಲು ಕೇಳಿದವರಲ್ಲಿ ಇವರೊಬ್ಬರು. ಒಪ್ಪಿದರು. 16ನೇ ವಯಸ್ಸಿನ ಆಸೆ ಇದೇ ತಾನೇ? ಅವರಂಥ ದೊಡ್ಡ ಹೆಸರು ಬಂದದ್ದರಿಂದ ಆ ತಂಡಕ್ಕೆ ತೂಕ ಬಂತು. ಇವರಿಗೆ ಏನು ಸಿಕ್ಕಿತು? 52ನೇ ವಯಸ್ಸಿನಲ್ಲಿ 'ಟೇಮಿಂಗ್ ಆಫ್ ದಿ ಶ್ರೂ'ನ ಗಂಡುಬೀರಿ ಹುಡುಗಿ ಕೇಟ್ ಪಾತ್ರ! ಎದುರಿಗೆ ಇವರಿಗಿಂತ 25 ವರ್ಷ ಚಿಕ್ಕವರಾದ ಪೀಟರ್ ಒಟೂಲ್.

ಅವರ ಬದುಕಿನ ಒಂದೇ ಒಂದು ಪಾತ್ರ ಹೇಳಿ ಅಂದರೆ ನಾನು ಮಿಸೆಸ್ ಮೂರ್ ಹೇಳುವುದಿಲ್ಲ. ಮಾರ್ಗರೆಟ್ ಹೇಳುತ್ತೇನೆ.

1963ರಲ್ಲಿ ಪೀಟರ್ ಹಾಲ್ ಮತ್ತು ಜಾನ್ ಬಾರ್ಟನ್ ಸೇರಿ ಶೇಕ್ಸ್‌ಪಿಯರ್‌ನ ಮೂರು 'ಹೆನ್ರಿ ದಿ ಸಿಕ್ಸ್ತ್' ನಾಟಕಗಳನ್ನು ಎರಡಕ್ಕೆ ಇಳಿಸಿದರು. ಜೊತೆಗೆ 'ರಿಚರ್ಡ್ ದಿ ಥರ್ಡ್' ಸೇರಿಸಿ 'ದಿ ವಾರ್ಸ್ ಆಫ್ ದಿ ರೋಸಸ್' ಅಂತ ಮೂರು ನಾಟಕದ ಸರಣಿ ಮಾಡಿದರು. ಕೆಲವು ದಿನ ಮೂರನ್ನೂ ಬೆಳಗ್ಗೆಯಿಂದ ರಾತ್ರಿವರೆಗೆ ಒಂದೇ ದಿನ ಆಡುತ್ತಿದ್ದರು. ಮಾರ್ಗರೆಟ್ ಫ್ರಾನ್ಸಿನಿಂದ ಇಂಗ್ಲೆಂಡಿನ ರಾಜನಿಗೆ ಮದುವೆಯಾಗಿ ಬರುವ ಹುಡುಗಿ. ಬೆಳಗ್ಗೆ ಹಗುರವಾಗಿ ಹಾರುತ್ತ ಬರುತ್ತಾಳೆ. ಮಧ್ಯಾಹ್ನಕ್ಕೆ ಸೈನ್ಯ ನಡೆಸುವ ರಾಣಿ. ರಾತ್ರಿಗೆ ಗಂಡ, ಮಗ ಇಬ್ಬರನ್ನೂ ಕಳಕೊಂಡು ಅರಮನೆಯ ಮೂಲೆಯಲ್ಲಿ ಶಾಪ ಹಾಕುತ್ತ ತಿರುಗುವ ಮುದುಕಿ. ಬೆಳಗಿನ ಆ ಹುಡುಗಿ ಆಗುವಾಗ ಪೆಗ್ಗಿಯವರಿಗೆ 55.

ಅದರ ನಡುವೆ ಒಂದು ದೃಶ್ಯ ಇದೆ. ಶತ್ರು ಯಾರ್ಕ್ ಸೆರೆ ಸಿಕ್ಕಿದ್ದಾನೆ. ಅವನ ಚಿಕ್ಕ ಮಗನನ್ನು ಇವಳ ಕಡೆಯವರು ಆಗಲೇ ಕೊಂದಿದ್ದಾರೆ. ಮಾರ್ಗರೆಟ್ ಯಾರ್ಕ್‌ನನ್ನು ಮಣ್ಣಿನ ದಿಬ್ಬದ ಮೇಲೆ ನಿಲ್ಲಿಸುತ್ತಾಳೆ. ತಲೆಗೆ ಕಾಗದದ ಕಿರೀಟ ಇಡುತ್ತಾಳೆ. ಮಗನ ರಕ್ತದಲ್ಲಿ ಅದ್ದಿದ ಕರವಸ್ತ್ರ ಕೊಟ್ಟು, ತಗೋ, ಕಣ್ಣೀರು ಒರೆಸಿಕೋ ಅನ್ನುತ್ತಾಳೆ. ಇದನ್ನು ಸುಮ್ನೆ ರಾಕ್ಷಸಿಯಂತೆ ಆಡುವುದು ಸುಲಭ. ಜನ ಚಪ್ಪಾಳೆಯೂ ಹೊಡೆಯುತ್ತಾರೆ. ಆದರೆ ಇದೇ ಹೆಂಗಸು ಇನ್ನು ಸ್ವಲ್ಪ ಹೊತ್ತಿಗೆ ತನ್ನ ಮಗನನ್ನು ಕಣ್ಣೆದುರೇ ತಿವಿದು ಸಾಯಿಸುವುದನ್ನು ನೋಡಬೇಕು. ಆಗ ನಾವು ಅವಳ ಜೊತೆ ಅಳಬೇಕು. ಅಳಬೇಕಾದರೆ ಕರವಸ್ತ್ರ ಕೊಡುವ ಹೊತ್ತಿನಲ್ಲೇ ಅವಳು ನಮಗೆ ಮನುಷ್ಯಳಾಗಿ ಕಂಡಿರಬೇಕು. ನಾಟಕ ಕಲಿಯುವ ಹುಡುಗರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ಪಾತ್ರದ ನಾಳೆ ಗೊತ್ತಿದ್ದರೆ ಮಾತ್ರ ಅದರ ಇವತ್ತನ್ನು ಸರಿಯಾಗಿ ಆಡಬಹುದು. ಬಿಬಿಸಿಯವರು ಈ ಮೂರೂ ನಾಟಕಗಳನ್ನು ಸ್ಟ್ರಾಟ್‌ಫರ್ಡ್ ರಂಗದ ಮೇಲೆಯೇ ಚಿತ್ರೀಕರಿಸಿ 1965ರಲ್ಲಿ ಟಿವಿಯಲ್ಲಿ ತೋರಿಸಿದರು. ಕಪ್ಪು ಬಿಳುಪು, ಆದರೆ ಪುಣ್ಯ, ಉಳಿದಿದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ನಾಟಕದವರು ಕ್ಯಾಮೆರಾ ಮುಂದೆ ಜಾಸ್ತಿ ಮಾಡುತ್ತಾರೆ ಅಲ್ವಾ? ಮಾಡುತ್ತಾರೆ, ನಿಜ. ಕೊನೇ ಸಾಲಿನಲ್ಲಿ ಕೂತವನಿಗೂ ಮುಟ್ಟಬೇಕು ಅನ್ನುವ ಅಭ್ಯಾಸ ಮೈಗೆ ಹತ್ತಿರುತ್ತದೆ. ಆದರೆ 'ನಾಟಕ' ಅಂದರೆ ಯಾವ ನಾಟಕ ಅನ್ನುವುದೂ ಮುಖ್ಯ. ಪೆಗ್ಗಿಯವರು ಅರವತ್ತರ ಆಚೆ ಆಡಿದ ನಾಟಕಗಳನ್ನು ನೋಡಿ. ಹೆರಾಲ್ಡ್ ಪಿಂಟರ್‌ನ 'ಲ್ಯಾಂಡ್‌ಸ್ಕೇಪ್'. ಗಂಡ ಹೆಂಡತಿ ಅಡುಗೆಮನೆಯಲ್ಲಿ ಕೂತಿದ್ದಾರೆ. ಅವನು ಅವಳ ಜೊತೆ ಮಾತಾಡುತ್ತಾನೆ, ಅವಳು ತನ್ನಷ್ಟಕ್ಕೆ ಹಳೇ ಪ್ರೀತಿಯ ನೆನಪು ಹೇಳಿಕೊಳ್ಳುತ್ತಾಳೆ. ಅವನ ಮಾತು ಅವಳಿಗೆ ಕೇಳಿಸುತ್ತಲೇ ಇಲ್ಲ. ಇಡೀ ನಾಟಕ ಆ ಹೆಂಗಸು ಜಾಗ ಬಿಟ್ಟು ಏಳುವುದಿಲ್ಲ. (ಈ ನಾಟಕಕ್ಕೆ ಆಗಿನ ಸೆನ್ಸಾರ್ ಕೆಲವು ಪದ ತೆಗೆಯಲು ಹೇಳಿತು. ಪಿಂಟರ್ ಒಪ್ಪಲಿಲ್ಲ. ಹಾಗಾಗಿ 1968ರಲ್ಲಿ ಮೊದಲು ರೇಡಿಯೋದಲ್ಲಿ ಬಂತು, ಅಲ್ಲೂ ಇವರದೇ ದನಿ. ಅದೇ ವರ್ಷ ನಾಟಕದ ಸೆನ್ಸಾರ್ ಕಾನೂನೇ ಹೋಯಿತು, 1969ರಲ್ಲಿ ರಂಗಕ್ಕೆ ಬಂತು.)

ಆಮೇಲೆ 1975ರಲ್ಲಿ ಬೆಕೆಟ್‌ನ 'ಹ್ಯಾಪಿ ಡೇಸ್'. ವಿನ್ನಿ ಎಂಬ ಹೆಂಗಸು ಮೊದಲ ಅಂಕದಲ್ಲಿ ಸೊಂಟದವರೆಗೆ ಮಣ್ಣಿನ ಗುಡ್ಡೆಯಲ್ಲಿ ಹೂತಿದ್ದಾಳೆ. ಎರಡನೇ ಅಂಕದಲ್ಲಿ ಕತ್ತಿನವರೆಗೆ. ಕೈ ಇಲ್ಲ, ಕಾಲಿಲ್ಲ, ತಲೆ ತಿರುಗಿಸುವಂತಿಲ್ಲ. ಇರುವುದು ಕಣ್ಣು, ತುಟಿ, ದನಿ. ಆದರೂ ಇವತ್ತು ಎಷ್ಟು ಒಳ್ಳೇ ದಿನ ಅಂತ ಮಾತಾಡುತ್ತಲೇ ಇರುತ್ತಾಳೆ. 1976ರ ಮಾರ್ಚ್‌ನಲ್ಲಿ ಥೇಮ್ಸ್ ದಂಡೆಯಲ್ಲಿ ನ್ಯಾಷನಲ್ ಥಿಯೇಟರ್‌ನ ಹೊಸ ಕಟ್ಟಡ ಬಾಗಿಲು ತೆರೆದಾಗ ಅಲ್ಲಿ ಜನ ಮೊದಲು ನೋಡಿದ್ದು ಇದನ್ನೇ. ನೂರಾರು ಜನರೆದುರು ಬರೀ ಮುಖ ಇಟ್ಟುಕೊಂಡು ಒಂದು ಅಂಕ ಆಡಿದವರಿಗೆ ಕ್ಲೋಸ್‌ಅಪ್ ಏನು ಹೊಸದೇ?

ಟಿವಿಯಲ್ಲಿ ಅವರ ಒಳ್ಳೇ ಕಾಲ ಶುರುವಾದದ್ದು 70 ದಾಟಿದ ಮೇಲೆ. 1978ರಲ್ಲಿ 'ಎಡ್ವರ್ಡ್ ಅಂಡ್ ಮಿಸೆಸ್ ಸಿಂಪ್ಸನ್' ಸರಣಿಯಲ್ಲಿ ರಾಣಿ ಮೇರಿ. ನಿರ್ದೇಶಕ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. 1980ರಲ್ಲಿ ಸ್ಟೀಫನ್ ಪೊಲಿಯಾಕಾಫ್ ಬರೆದ 'ಕಾಟ್ ಆನ್ ಎ ಟ್ರೇನ್'. ಯುರೋಪಿನ ರಾತ್ರಿ ರೈಲು. ಇವರು ವಿಯೆನ್ನಾದ ಮುದುಕಿ. ಎದುರಿಗೆ ಒಬ್ಬ ಇಂಗ್ಲಿಷ್ ಯುವಕ. ಕಿಟಕಿ ಪಕ್ಕದ ಸೀಟು ನನಗೆ ಬೇಕು ಅಂತ ಅಜ್ಜಿ ಹಟ ಹಿಡಿಯುತ್ತಾರೆ. ಅಲ್ಲಿಂದ ಶುರು! ನಮ್ಮ ಮೈಸೂರು ಪ್ಯಾಸೆಂಜರ್‌ನಲ್ಲಿ ಓಡಾಡಿದವರಿಗೆ ಈ ಅಜ್ಜಿಯ ಪರಿಚಯ ಮಾಡಿಸಬೇಕಾಗಿಲ್ಲ. ಅಧಿಕಾರ ಚಲಾಯಿಸುತ್ತಾಳೆ, ನಗುತ್ತಾಳೆ, ಅವಮಾನ ಮಾಡುತ್ತಾಳೆ, ಮರುಕ್ಷಣ ಪಾಪ ಅನಿಸುತ್ತಾಳೆ. ಇದಕ್ಕೂ ಅದೇ ವರ್ಷದ ಡೆನಿಸ್ ಪಾಟರ್‌ನ 'ಕ್ರೀಮ್ ಇನ್ ಮೈ ಕಾಫಿ'ಗೂ ಸೇರಿಸಿ ಬ್ರಿಟನ್ನಿನ ಬಾಫ್ಟಾ ಟಿವಿ ಪ್ರಶಸ್ತಿ ಬಂತು.

ಇನ್ನು ನಮ್ಮ ಕಡೆ ಬರೋಣ. ನಟಿಯಾಗಿ ಅವರು ಇಂಡಿಯಾಕ್ಕೆ ಮೊದಲು ಬಂದದ್ದು ಡೇವಿಡ್ ಲೀನ್ ನಿರ್ದೇಶಿಸಿದ ನಿಮ್ಮ 'ಎ ಪ್ಯಾಸೇಜ್ ಟು ಇಂಡಿಯಾ'ಕ್ಕಲ್ಲ. 1978ರಲ್ಲಿ ಬಂದ ಮರ್ಚೆಂಟ್-ಐವರಿಯ ಟಿವಿ ಚಿತ್ರವೊಂದಕ್ಕೆ ಜೋಧಪುರಕ್ಕೆ ಬಂದಿದ್ದರು. ಅದರಲ್ಲಿ ವಿಕ್ಟರ್ ಬ್ಯಾನರ್ಜಿಯೂ ಇದ್ದರು, ನಿಮ್ಮ ಸಿನಿಮಾದ ಡಾಕ್ಟರ್ ಅಜೀಜ್! ಎರಡನೆಯದು 'ದಿ ಜ್ಯುವೆಲ್ ಇನ್ ದಿ ಕ್ರೌನ್', ಗ್ರನಾಡಾ ಟಿವಿಯ 14 ಕಂತುಗಳ ಸರಣಿ, 1984ರಲ್ಲಿ ಪ್ರಸಾರವಾಯಿತು. ಉದಯಪುರ, ಶಿಮ್ಲಾ, ನಮ್ಮ ಮೈಸೂರು, ಹೀಗೆ ಹಲವು ಕಡೆ ಚಿತ್ರೀಕರಣ. ಇವರದು ಬಾರ್ಬಿ ಬ್ಯಾಚಲರ್, ನಿವೃತ್ತ ಮಿಷನರಿ ಟೀಚರ್. ಬಾಯಿ ಮುಚ್ಚದೇ ಮಾತಾಡುವ ಹೆಂಗಸು. ಒಳ್ಳೆಯವಳು, ಆದರೆ ಯಾರಿಗೂ ಬೇಡ. ಗಿರಿಧಾಮದ ಬಂಗಲೆಯಲ್ಲಿ ಒಬ್ಬ ಮುದುಕಿಗೆ ಜೊತೆಯಾಗಿ ಇರುತ್ತಾಳೆ. ಆ ಮುದುಕಿ ಸತ್ತ ಮೇಲೆ ಮನೆಯವರು ಇವಳನ್ನು ಹೊರಗೆ ಹಾಕುತ್ತಾರೆ. ಉಳಿದದ್ದು ಒಂದು ಟ್ರಂಕು. ಆ ಮಾತಿನ ಮಲ್ಲಿ ಕೊನೆಗೆ ಮಾತೇ ಇಲ್ಲದಂತಾಗುತ್ತಾಳೆ. ಅವಳು ಬಂದ ಮೊದಮೊದಲ ಕಂತುಗಳಲ್ಲಿ ಅವಳ ವಟವಟ ನಿಮಗೆ ನಿಜವಾಗಿಯೂ ಕಿರಿಕಿರಿ ಮಾಡಬೇಕು. ಕಿರಿಕಿರಿ ಆದರೆ ಮಾತ್ರ ಆಮೇಲಿನ ಮೌನ ಚುಚ್ಚುತ್ತದೆ. ನನಗೆ ಕೇಳಿದರೆ ಇದು ಮಿಸೆಸ್ ಮೂರ್‌ಗಿಂತ ಒಂದು ಕೈ ಮೇಲು.

ಅದು ಮುಗಿಯುತ್ತಿದ್ದಂತೆ ಲೀನ್ ಕೇಳಿದರು. ಇವರಿಗೆ ಅಷ್ಟು ಮನಸ್ಸಿರಲಿಲ್ಲ, ಆಗಷ್ಟೇ ತಿಂಗಳುಗಟ್ಟಲೆ ಇಂಡಿಯಾದಲ್ಲಿ ಕಳೆದಿದ್ದರು. ನನಗೆ 75 ವರ್ಷ ಆಯಿತು ಅಂದರಂತೆ. ನನಗೂ ಅಷ್ಟೇ ಅಂದರಂತೆ ಲೀನ್! ನಿಜ, ಇಬ್ಬರಿಗೂ ನಡುವೆ ಮೂರು ತಿಂಗಳ ಅಂತರ. ಬೆಂಗಳೂರು ಅರಮನೆ ಮೈದಾನದಲ್ಲಿ ಚಂದ್ರಾಪುರ ಪೇಟೆಯ ಸೆಟ್ ಎದ್ದಿತು. ಮಾರಾಬಾರ್ ಗುಹೆಗಳಿಗೆ ಸಾವನದುರ್ಗ ಮತ್ತು ನಿಮ್ಮ ರಾಮದೇವರ ಬೆಟ್ಟ. ಹತ್ತು ವರ್ಷ ಹಿಂದೆ ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳ ಕಡೆಗೇ ಮಿಸೆಸ್ ಮೂರ್ ಬಂದರು ಅನ್ನಿ.

ಇನ್ನೊಂದು ಸಂಗತಿ ನಿಮಗೆ ಇಷ್ಟವಾಗಬಹುದು. ಈ ಸಿನಿಮಾಕ್ಕೆ ಮೂಲವಾದ ಇ.ಎಂ. ಫಾರ್ಸ್ಟರ್ ಕಾದಂಬರಿಯನ್ನು 1960ರಲ್ಲಿ ನಾಟಕ ಮಾಡಿದವರು ಶಾಂತಾ ರಾಮರಾವ್. ಮಂಗಳೂರು ಕಡೆಯ ಬೆನಗಲ್ ಮನೆತನದವರು, ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಅವರ ಮಗಳು. ಲೀನ್ ಸಿನಿಮಾದ ಟೈಟಲ್‌ನಲ್ಲೂ ಆ ನಾಟಕದ ಹೆಸರಿದೆ. ಅದೇ ನಾಟಕವನ್ನು ಬಿಬಿಸಿ 1965ರಲ್ಲಿ ಟಿವಿಗೆ ತಂದಾಗ ನಿರ್ದೇಶಕ ಅದೇ ವಾರಿಸ್ ಹುಸೇನ್, ಮಿಸೆಸ್ ಮೂರ್ ಯಾರು ಗೊತ್ತೇ? ಸಿಬಿಲ್ ಥಾರ್ನ್‌ಡೈಕ್. 1930ರಲ್ಲಿ ಡೆಸ್ಡಿಮೋನಳ ಪಕ್ಕ ನಿಂತಿದ್ದ ಎಮಿಲಿಯಾ.

1985ರ ಮಾರ್ಚ್‌ನಲ್ಲಿ ಆಸ್ಕರ್ ಬಂತು, ಪೋಷಕ ನಟಿ ವಿಭಾಗದಲ್ಲಿ. ಇವರು ಹೋಗಲಿಲ್ಲ, ಆಂಜೆಲಾ ಲ್ಯಾನ್ಸ್‌ಬರಿ ಇವರ ಪರವಾಗಿ ತಗೊಂಡರು. ಆ ವಿಭಾಗದಲ್ಲಿ ಗೆದ್ದ ಅತಿ ಹಿರಿಯರು ಇವರೇ. ತಮಾಷೆ ಏನು ಗೊತ್ತಾ? ಅಮೆರಿಕದಲ್ಲಿ ಪೋಷಕ ನಟಿ, ಆದರೆ ಇದೇ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಕೊಟ್ಟಿದ್ದು ಮುಖ್ಯ ನಟಿ ಪ್ರಶಸ್ತಿ. ಬಾರ್ಬಿಗೂ ಬಾಫ್ಟಾ ಬಂತು. 1989ರಲ್ಲಿ 'ಶೀಸ್ ಬೀನ್ ಅವೇ' ಟಿವಿ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದ ಪ್ರಶಸ್ತಿ. ಅರವತ್ತು ವರ್ಷ ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಿಸಿಕೊಂಡು ಹೊರಗೆ ಬಂದ ಹೆಂಗಸಿನ ಪಾತ್ರ, ನಿರ್ದೇಶಕ ಮತ್ತೆ ಪೀಟರ್ ಹಾಲ್. 1991ರ ಜೂನ್ 14ರಂದು ತೀರಿಕೊಂಡರು.

ಎಲ್ಲಿಂದ ಶುರು ಮಾಡಲಿ ಅಂದಿರಿ. ಮೊದಲು 'ದಿ 39 ಸ್ಟೆಪ್ಸ್'ನ ಊಟದ ಮೇಜಿನ ದೃಶ್ಯವನ್ನು ಸೌಂಡ್ ಆಫ್ ಮಾಡಿ ನೋಡಿ. ಆಮೇಲೆ ನಿಮ್ಮ ಸಿನಿಮಾದಲ್ಲಿ ಮಸೀದಿಯ ದೃಶ್ಯ. ಬೆಳದಿಂಗಳು, ಶೂ ಹಾಕಿಕೊಂಡು ಬಂದಿದ್ದೀರಿ ಅಂತ ಅಜೀಜ್ ರೇಗುತ್ತಾನೆ, ಇಲ್ಲ, ಬಿಚ್ಚಿಟ್ಟಿದ್ದೇನೆ ಅನ್ನುತ್ತಾರೆ ಅಜ್ಜಿ. ಅಲ್ಲಿ ಮಾತಾಡುವ ವಿಕ್ಟರ್ ಬ್ಯಾನರ್ಜಿಯನ್ನು ಬಿಟ್ಟು, ಕೇಳಿಸಿಕೊಳ್ಳುತ್ತಿರುವ ಅಜ್ಜಿಯ ಮುಖ ಮಾತ್ರ ನೋಡಿ. ಟೈಮ್ ಇದ್ದರೆ 'ದಿ ಜ್ಯುವೆಲ್ ಇನ್ ದಿ ಕ್ರೌನ್'ನ 14 ಕಂತು. ಮೊದಲ ಕಂತಿನಲ್ಲೇ ಅವರನ್ನು ಹುಡುಕಬೇಡಿ, ಬಾರ್ಬಿ ಬರುವುದು ಕತೆ ಸಾಕಷ್ಟು ನಡೆದ ಮೇಲೆ.